ಒಂದು ದಿನದ ಮಟ್ಟಿಗೆ

ಹುಚ್ಚೀರಪ್ಪ ಮಾಸ್ತರರು ಯಲಬುರ್ಗಾ ಕಡೆಯಿಂದ ತಾವರಗೇರಾ ಹತ್ತಿರದ ನಮ್ಮೂರ ಸಾಲೆಗೆ ಬಂದದ್ದು ೧೯೩೮ರಲ್ಲಿ. ಆಗ ಊರಾಚೆಯ ಕೇರಿಯ ಮಕ್ಕಳು ಹೊರಗೆ ಮಣ್ಣಿನಲ್ಲಿ ಕೂತು ಕಲಿಯಬೇಕಿತ್ತು. ಹಿಂದಿನ ಮಾಸ್ತರರು ಅವರ ಪಾಟಿ ಮುಟ್ಟುತ್ತಿರಲಿಲ್ಲ. ದೂರದಿಂದಲೇ ಬಡಿಗೆ ಚಾಚಿ ತಪ್ಪು ತೋರಿಸುತ್ತಿದ್ದರು.

ಹುಚ್ಚೀರಪ್ಪ ಮಾಸ್ತರರು ಭಾಷಣ ಮಾಡಲಿಲ್ಲ. ಆಗ ವಾರದ ರಜೆ ಶುಕ್ರವಾರ; ಆ ಸೂಟಿ ಮುಗಿದು ಶನಿವಾರ ಸಾಲೆ ತೆರೆದಾಗ ಎಲ್ಲರನ್ನೂ ಒಳಗೆ ಕರೆದು ಓದಿಸಿದರು. ತಪ್ಪಿಲ್ಲದೆ ಓದಿದವರು ಮುಂದೆ, ತಪ್ಪಿದವರು ಹಿಂದೆ. ಪ್ರತಿ ಶನಿವಾರ ಅದೇ ನಿಯಮ. ಕೇರಿಯ ಮಾರೆವ್ವನ ಮಗಳು ದುರುಗವ್ವ ಎರಡೇ ತಿಂಗಳಲ್ಲಿ ಮೊದಲ ಸಾಲಿಗೆ ಬಂದು ಕೂತಳು. ನಾನು ಅವಳ ಹಿಂದೆ.

ಊರು ಕುದಿಯಿತು. ದೊಡ್ಡಬಸಪ್ಪ ಗೌಡರು ತಮ್ಮ ಮಕ್ಕಳನ್ನು ಬಿಡಿಸಿಕೊಂಡರು. "ಹೆಸರಿಗೆ ತಕ್ಕ ಹುಚ್ಚು ಐತಿ ಬಿಡ್ರಿ," ಎಂದು ಕಟ್ಟೆಯ ಮೇಲೆ ನಕ್ಕರು. ಆದರೆ ಮಾಸ್ತರರ ಪಾಠ ಛಲೋ ಇತ್ತು. ವರ್ಷ ಕಳೆಯುವುದರೊಳಗೆ ಗೌಡರ ಮಕ್ಕಳೂ ಬಂದು ದುರುಗವ್ವನ ಹಿಂದೆ ತೆಪ್ಪಗೆ ಕೂತರು.

ಹೀಗೆ ಮೂರು ವರ್ಷ ನಡೆಯಿತು. ಇನ್ಸ್‌ಪೆಕ್ಟರ್ ಸಾಹೇಬರು ತಪಾಸಣೆಗೆ ಬರುತ್ತಾರೆಂದು ಸುದ್ದಿಯಾದಾಗ ಗೌಡರು ಮಾಸ್ತರರ ಮನೆಗೇ ಬಂದರು.

"ಮಾಸ್ತರ, ಒಂದ ದಿನ ಹಳೇ ಪದ್ಧತಿ ಮ್ಯಾಲ ಕೂಡಸ್ರಿ. ಸಾಹೇಬರ ಮುಂದ ಊರ ಮರ್ಯಾದಿ ಉಳೀತೈತಿ. ಎರಡ ಹೊಸ ಖೋಲಿ ನಾ ಕೇಳಿ ಮಂಜೂರ ಮಾಡಸ್ತೀನಿ. ಮರುದಿನ ನಿಮ್ಮ ಮನಸಿಗೆ ಬಂದಂಗ ಮಾಡ್ಕೋರಿ."

ಗಾಳಿ ಬಂದಾಗ ತೂರಿಕೊಳ್ಳಬೇಕು ಎಂದು ಮಾಸ್ತರರು ಒಪ್ಪಿದರು. ಮಳೆಗಾಲದಲ್ಲಿ ಸೋರುವ ಒಂದೇ ಕೋಣೆಯ ಸಾಲೆ, ಅರವತ್ತು ಮಕ್ಕಳು. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ನನ್ನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ಆ ಬೆಳಿಗ್ಗೆ ಕೇರಿಯ ಮಕ್ಕಳಿಗೆ ಹೊರಗೆ ಹೋಗಲು ಹೇಳಿದರು. ದುರುಗವ್ವ ಎದ್ದು ನಿಂತು ಕೇಳಿದಳು: "ಮಾಸ್ತರ್ರೀ, ನಾ ಏನರ ತಪ್ಪ ಓದೀನೇನ್ರೀ?"

"ಇಲ್ಲ ತಂಗಿ. ಇದೊಂದ ದಿನ."

ಅವಳು ಪಾಟಿ ಎದೆಗವಚಿಕೊಂಡು ಹೊರಟಳು. ಅವಳ ಜಾಗಕ್ಕೆ ನಾನು ಸರಿದೆ. ಸುಳ್ಳೇಕೆ, ಖುಷಿಯೇ ಆಗಿತ್ತು.

ಸಾಹೇಬರು ಎಲ್ಲ ನೋಡಿ ಸಾಲೆಯ ತಪಾಸಣೆ ಪುಸ್ತಕದಲ್ಲಿ ಷರಾ ಬರೆದರು: "ಮಕ್ಕಳನ್ನು ಕೂಡಿಸುವ ಕ್ರಮ ಸರಿಯಾಗಿದೆ. ಹೀಗೆಯೇ ಮುಂದುವರಿಯಲಿ." ಹೊಸ ಖೋಲಿಗಳಿಗೂ ಶಿಫಾರಸು ಮಾಡಿದರು.

ಮರುದಿನ ಮಾಸ್ತರರು ಮಕ್ಕಳನ್ನು ಒಳಗೆ ಕರೆಯುವಷ್ಟರಲ್ಲಿ ಗೌಡರು ಬಂದು ಷರಾ ಪುಸ್ತಕ ತೆರೆದು ತೋರಿಸಿದರು. "ಇನ್ನ ಇದು ನಮ್ಮ ಮಾತಲ್ರಿ, ಸರಕಾರದ ಹುಕುಂ." ಮೂರು ವರ್ಷದ ನಿಯಮವನ್ನು ಮಾಸ್ತರರು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಮೇಲಿನ ಕಚೇರಿಗೆ ಎರಡು ಅರ್ಜಿ ಕಳಿಸಿದರು. ಷರಾದಂತೆ ನಡೆಯಿರಿ ಎಂದು ಉತ್ತರ ಬಂತು.

ದುರುಗವ್ವ ಮತ್ತೆ ಬರಲಿಲ್ಲ. ಕರೆಯಲು ಕೇರಿಗೆ ಹೋದ ಮಾಸ್ತರರಿಗೆ ಮಾರೆವ್ವ ಹೇಳಿದಳು: "ಮೊದಲ ಆಕಿಗೆ ಹೊರಗ ಕೂಡೂದಷ್ಟ ಗೊತ್ತಿತ್ರಿ. ಒಳಗ ಕೂತು ಬಂದಾಕಿ ಈಗ ಹ್ಯಾಂಗ ಕೂಡತಾಳ್ರಿ?" ಮಾಸ್ತರರು ಅಲ್ಲಿಯೇ ಅತ್ತರಂತೆ.

ಖೋಲಿಗಳು ಮಂಜೂರಾಗಿ ೧೯೪೪ರಲ್ಲಿ ಕೆಲಸ ಶುರುವಾಯಿತು. ಕೇರಿಯ ಮಕ್ಕಳಿಗೆಂದು ಹೊರಗೋಡೆಗೆ ಹೊಂದಿಸಿ ಉದ್ದಕ್ಕೆ ಒಂದು ಕಲ್ಲುಕಟ್ಟೆಯನ್ನೂ ನಕ್ಷೆಯಲ್ಲಿ ಸೇರಿಸಿದ್ದರು. ಅದಕ್ಕೆ ಕಲ್ಲು ಹೊರಲು ಬಂದ ಕೂಲಿಯವರಲ್ಲಿ ದುರುಗವ್ವನೂ ಇದ್ದಳು. ಮಾಸ್ತರರು ಬಾಗಿಲಲ್ಲಿ ನಿಂತಿದ್ದರು. ಅವಳು ತಲೆಯ ಮೇಲಿನ ಕಲ್ಲು ಇಳಿಸುತ್ತ, "ಇದನ್ನ ಎಲ್ಲಿ ಇಡಲಿ ಮಾಸ್ತರ್ರೀ?" ಎಂದು ಕೇಳಿದಳು.