ಹೆಣ್ಣಿನ ಕಡೆಯವರು ಎಂದುಕೊಂಡು ಹೇಳಿದ ಮಾತು

೧೯೯೭ರಲ್ಲಿ, ಒಂಬತ್ತನೇ ಕ್ಲಾಸಿನ ಅರ್ಧದಲ್ಲಿ ನಾನು ಓದು ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಕಾಯಿ ಆರಿಸುವ ಕೆಲಸಕ್ಕೆ ಸೇರಿದ ದಿನದಿಂದ ಇವತ್ತಿನವರೆಗೆ ಸೊನೆಯ ವಾಸನೆ ನನ್ನ ಕೈ ಬಿಟ್ಟಿಲ್ಲ. ತೊಟ್ಟು ಮುರಿದಾಗ ಜಿನುಗುವ ಆ ಹಾಲು ಚರ್ಮಕ್ಕೆ ತಾಗಿದರೆ ಸುಡುತ್ತದೆ, ಒಣಗಿದರೆ ಕಪ್ಪಾಗುತ್ತದೆ, ಸೋಪಿಗೆ ಜಗ್ಗುವುದಿಲ್ಲ.

ಹೋದ ವಾರ ಮಗಳ ಓದಿನ ಸಾಲದ ಅರ್ಜಿಯನ್ನು ಮಂಡಿಗೆ ತಂದು ಇಟ್ಟುಕೊಂಡಿದ್ದೆ. ಮನೆಯಲ್ಲಿ ಬಿಡಿಸಿದರೆ ಹೆಂಡತಿ, ಮಗಳು ಇಬ್ಬರೂ ಕಾಗದ ಬಿಟ್ಟು ನನ್ನ ಮುಖ ನೋಡುತ್ತಾರೆ. ಪುಟ ತಿರುಗಿಸುವಾಗ ಬೆರಳಿನ ಸೊನೆ ಸಹಿ ಹಾಕುವ ಜಾಗದ ಪಕ್ಕದಲ್ಲೇ ಹತ್ತಿತು. ಅಂಗಿಯ ತೋಳಿನಿಂದ ಒರೆಸಿದೆ, ಇನ್ನೂ ಹರಡಿತು. ಹೋಯಿತೇನೋ ಎಂದು ಕಾಗದವನ್ನು ಹತ್ತಿರ ಹಿಡಿದು ನೋಡಿದಾಗ ಆ ವಾಸನೆ... ಮೇಷ್ಟ್ರು ನೆನಪಾದರು. ಅವರ ಬೆರಳುಗಳು ನೆನಪಾದವು. ಕಾಲೇಜು ಬಾಗಿಲು ತೆರೆಯುವ ಹಿಂದಿನ ದಿನ, ನಿಂಬೆ ಸಿಪ್ಪೆ ಹಾಕಿ ತಿಕ್ಕಿ ತಿಕ್ಕಿ ಕೆಂಪು ಮಾಡಿಕೊಳ್ಳುತ್ತಿದ್ದ ಬೆರಳುಗಳು.

ಅವರು ನನಗೆ ಪಾಠ ಹೇಳಿದ ಮೇಷ್ಟ್ರಲ್ಲ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಎಂಜಿನಿಯರಿಂಗ್ ಓದಿ, ಅದರ ಮೇಲೆ ಇನ್ನೊಂದು ಡಿಗ್ರಿ ಮಾಡಿ, ಒಂದು ಖಾಸಗಿ ಕಾಲೇಜಿನಲ್ಲಿ ಡಿಪ್ಲೊಮಾ ಹುಡುಗರಿಗೆ ಪಾಠ ಮಾಡುತ್ತಿದ್ದರು. ಬೇಸಿಗೆ ರಜೆಯಲ್ಲಿ ಅಲ್ಲಿ ಸಂಬಳ ಇರಲಿಲ್ಲ. ರಜೆ ಬರುವುದೂ ಮಾವು ಬರುವುದೂ ಒಂದೇ ಹೊತ್ತಿಗೆ. ಹಾಗಾಗಿ ಮೂರು ಬೇಸಿಗೆ ಅವರು ನನ್ನ ಮಂಡಿಯಲ್ಲಿ ಪಟ್ಟಿ ಬರೆದರು. ಯಾವ ರೈತನ ಕಾಯಿ ಎಷ್ಟು ಕ್ರೇಟು, ಎಷ್ಟು ತೂಕ, ಹರಾಜಿನಲ್ಲಿ ಎಷ್ಟಕ್ಕೆ ಹೋಯಿತು ಎಂದು ಬರೆದುಕೊಡುವ ಚೀಟಿಗೆ ನಮ್ಮಲ್ಲಿ ಪಟ್ಟಿ ಅನ್ನುತ್ತಾರೆ.

ಆಗ ನಾನು ಹೊಸದಾಗಿ ಸ್ವಂತ ಮಂಡಿ ಹಾಕಿದ್ದೆ. ಇಪ್ಪತ್ತು ವರ್ಷ ಇನ್ನೊಬ್ಬರ ಕೈಕೆಳಗೆ ಕಾಯಿ ಆರಿಸಿದವನು. ಎರಡು ಡಿಗ್ರಿ ಮಾಡಿದವರು ನನ್ನ ಎದುರಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದರೆ ಎದೆ ಉಬ್ಬುತ್ತಿತ್ತು. ಸುಳ್ಳು ಯಾಕೆ ಹೇಳಲಿ. “ರಾಸ್ಕೋ ಸಾರೂ, ತೊಂಬೈ ಕ್ರೇಟ್ಲು” ಎಂದು ಹಮಾಲಿಗಳು ತೆಲುಗಿನಲ್ಲಿ ಕೂಗಿದರೆ ಅವರು ತಲೆ ಎತ್ತದೆ ತೊಂಬತ್ತು ಎಂದು ಬರೆದುಕೊಳ್ಳುತ್ತಿದ್ದರು. ಅಕ್ಷರ ದುಂಡಗೆ, ಹೊಡೆದುಹಾಕಿದ ಗೀಟು ಒಂದೂ ಇಲ್ಲ.

“ಏನ್ ಮೇಷ್ಟ್ರೇ, ಅಷ್ಟೆಲ್ಲ ಓದಿ ಕೊನೆಗೆ ನಮ್ಮ ಮಂಡಿಗೇ ಬಂದ್ರಿ. ನಾನು ಓದ್ದೆ ನೇರ ಬಂದೆ, ನಿಮಗಿಂತ ಬೇಗ ತಲುಪಿಬಿಟ್ಟೆ ನೋಡಿ” ಅನ್ನುತ್ತಿದ್ದೆ. ಹಮಾಲಿಗಳು ನಗುತ್ತಿದ್ದರು. ಮೇಷ್ಟ್ರೂ ನಗುತ್ತಿದ್ದರು.

ಅವರಲ್ಲಿ ಒಂದು ವಿಚಿತ್ರ ಕಂಡಿದ್ದೆ. ಫೋನನ್ನು ಯಾವಾಗಲೂ ಮಕಾಡೆ ಇಡುತ್ತಿದ್ದರು. ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಅದು ಮೇಜಿನ ಮೇಲೆ ಗುರ್ ಗುರ್ ಎಂದು ನಿಲ್ಲುವವರೆಗೆ ಅವರ ಪೆನ್ನು ಮುಂದಕ್ಕೆ ಹೋಗುತ್ತಿರಲಿಲ್ಲ. ಯಾವುದಾದರೂ ಬೈಕಿನಲ್ಲಿ ಇಬ್ಬರು ಬ್ಯಾಗು ಹಾಕಿಕೊಂಡು ಬಂದಿಳಿದರೆ, ಇವರು ಕ್ರೇಟುಗಳ ಸಾಲಿನ ಹಿಂದೆ ಹೋಗಿ ಬಾದಾಮಿ ಮಾವು ಎಣಿಸುತ್ತಾ ನಿಲ್ಲುತ್ತಿದ್ದರು. ಯಾವುದೋ ಹುಡುಗಿ ವಿಷಯ ಇರಬೇಕು ಎಂದುಕೊಂಡು ನಾನು ಕೇಳಿರಲಿಲ್ಲ.

ಎರಡನೇ ಬೇಸಿಗೆಯಲ್ಲಿ ಒಂದು ಪಲ್ಪ್ ಫ್ಯಾಕ್ಟರಿಯವರು ತೋತಾಪುರಿ ಬೇಕೆಂದು ಇಂಗ್ಲಿಷಿನ ಕರಾರು ಹಿಡಿದು ಬಂದರು. ದೊಡ್ಡ ವ್ಯಾಪಾರ. ನಾನು ಪೆನ್ನು ತೆಗೆದುಕೊಂಡಾಗಿತ್ತು. ಮೇಷ್ಟ್ರು ಪಕ್ಕದಲ್ಲಿ ನಿಂತೇ ಅದನ್ನು ಓದಿ, “ಅಣ್ಣಾ, ಸ್ವಲ್ಪ ಒಳಗೆ ಬನ್ನಿ” ಎಂದರು. ಒಳಗೆ ಹೋದ ಮೇಲೆ, “ಕಾಯಿ ಕೊಳೆತಿದೆ ಅಂತ ಅವರು ವಾಪಸ್ ಕಳಿಸಿದ್ರೆ ಹೋಗೋ ಬಾಡಿಗೆ ಬರೋ ಬಾಡಿಗೆ ಎರಡೂ ನಿಮ್ಮದೇ ಅಂತಿದೆ. ಕೊಳೆತಿದೆ ಅಂತ ತೀರ್ಮಾನ ಮಾಡೋರೂ ಅವರೇ” ಎಂದರು. ನಾನು ಸಹಿ ಹಾಕಲಿಲ್ಲ. ಹಾಕಿದ ಪಕ್ಕದ ಮಂಡಿಯವನು ಮಳೆಗಾಲ ಮುಗಿಯುವಷ್ಟರಲ್ಲಿ ಶಟರ್ ಎಳೆದ.

ಓದಿನ ಬೆಲೆ ಏನು ಎಂದು ನನಗೆ ಮೊದಲ ಸಲ ಗೊತ್ತಾದದ್ದು ಅವತ್ತು. ಆದರೆ ಅದನ್ನು ಒಪ್ಪಿಕೊಳ್ಳಲು ನಾಲಿಗೆ ಹೊರಳಲಿಲ್ಲ. “ಇಷ್ಟು ಚೆನ್ನಾಗಿ ಓದ್ತೀರಲ್ಲ, ರಜಕ್ಕೂ ದುಡಿಯೋ ಗತಿ ಯಾಕೆ ಬಂತು ನಿಮಗೆ?” ಎಂದೆ.

ಆಗ ಹೇಳಿದರು. ಓದಲು ಬ್ಯಾಂಕಿನಲ್ಲಿ ಸಾಲ ಮಾಡಿದ್ದರಂತೆ. ತಂದೆ ಇಲ್ಲ, ಹಾಗಾಗಿ ತಾಯಿಯೂ ಸಾಲಗಾರ್ತಿ. ಓದು ಮುಗಿದ ಮೇಲೆ ಅಂದುಕೊಂಡ ಕೆಲಸ ಸಿಗಲಿಲ್ಲ. ಕಂತು ನಿಂತಿತು, ಬಡ್ಡಿ ನಿಲ್ಲಲಿಲ್ಲ.

“ಮತ್ತೆ ಆ ಸಾಲದ ಕಾಗದ ಓದಲಿಲ್ವಾ ನೀವು?”

“ಆಗ ನನಗೆ ಹತ್ತೊಂಬತ್ತು ವರ್ಷ ಅಣ್ಣಾ. ಕಾಗದ ಓದಲಿಲ್ಲ. ಅಮ್ಮ ಹೆಬ್ಬೆಟ್ಟು ಒತ್ತೋದನ್ನ ನೋಡ್ತಾ ನಿಂತಿದ್ದೆ.”

ತಾಯಿ ಈಗ ಹಳೆಯ ಊರಿನಲ್ಲಿಲ್ಲ, ವಕ್ಕಲೇರಿಯಲ್ಲಿ ತಮ್ಮನ ಮನೆಯಲ್ಲಿದ್ದಾರೆ, ಎರಡು ಹಸು ಇಟ್ಟುಕೊಂಡು ಡೈರಿಗೆ ಹಾಲು ಹಾಕುತ್ತಾರೆ ಎಂದೂ ಹೇಳಿದರು. ಸಾಲ ಇದೆ ಎಂದು ನನಗೆ ಗೊತ್ತಾಯಿತು. ಸಾಲ ಕೇಳಲು ಜನ ಹುಡುಕಿಕೊಂಡು ಬರುತ್ತಾರೆ ಎಂದು ಗೊತ್ತಾಗಲಿಲ್ಲ. ಬ್ಯಾಂಕಿನದು ಅಂದರೆ ನೋಟೀಸು ಬರುತ್ತದೆ, ಸೂರಿನಲ್ಲಿ ಸಿಕ್ಕಿಸಿಟ್ಟರೆ ಆಯಿತು ಎಂದು ತಿಳಿದಿದ್ದವನು ನಾನು.

ಮೂರನೇ ಬೇಸಿಗೆ. ಮೇ ತಿಂಗಳ ಕೊನೆ ಇರಬೇಕು. ಮೇಷ್ಟ್ರು ಯಾವುದೋ ಕೆಲಸಕ್ಕೆಂದು ಕೋಲಾರಕ್ಕೆ ಹೋಗಿದ್ದರು. ಇಬ್ಬರು ಬಂದರು. ಅಂಗಿ ಒಳಗೆ ಸೇರಿಸಿ ಬೆಲ್ಟು ಕಟ್ಟಿದ್ದರು, ಮಾತು ಬೆಣ್ಣೆಯ ಹಾಗೆ. “ಸಾರ್ ಇಲ್ಲಿ ಕೆಲಸ ಮಾಡ್ತಾರಂತಲ್ಲ, ಹೇಗೆ ಅವರು?” ಎಂದು ಕೇಳಿದರು.

ನಮ್ಮ ಕಡೆ ಹೆಣ್ಣು ಕೊಡುವವರು ಹೀಗೇ ಬರುತ್ತಾರೆ. ಹುಡುಗನ ಮನೆಗೆ ಹೋಗುವ ಮೊದಲು, ಅವನು ಇಲ್ಲದ ಹೊತ್ತು ನೋಡಿ, ಕೆಲಸ ಮಾಡುವ ಕಡೆ ವಿಚಾರಿಸುತ್ತಾರೆ. ಸಂಬಳ ಎಷ್ಟು, ಚಟ ಇದೆಯಾ, ತಾಯಿ ಎಲ್ಲಿದ್ದಾರೆ. ಅಂಥ ಹೊತ್ತಿನಲ್ಲಿ ನಾವು ಒಂದಕ್ಕೆರಡು ಸೇರಿಸಿ ಹೇಳುತ್ತೇವೆ, ಅದು ಪುಣ್ಯದ ಕೆಲಸ. ಮೇಷ್ಟ್ರಿಗೆ ಮದುವೆಯ ವಯಸ್ಸು ದಾಟುತ್ತಿತ್ತು. ನಾನು ಟೀ ತರಿಸಿದೆ.

“ಚಿನ್ನದಂಥ ಮನುಷ್ಯ ಸಾರ್. ಬೀಡಿ ಇಲ್ಲ, ಎಲೆ ಅಡಿಕೆ ಕೂಡ ಇಲ್ಲ. ಇಡೀ ಶ್ರೀನಿವಾಸಪುರದಲ್ಲಿ ಎಂಜಿನಿಯರ್ ಪಟ್ಟಿ ಬರೆಯೋ ಮಂಡಿ ನಮ್ಮದೊಂದೇ.”

“ಸಂಬಳ?”

“ಕಾಲೇಜಿಂದು ಬೇರೆ, ನಮ್ಮದು ಬೇರೆ. ಎರಡು ಕೈಲೂ ದುಡೀತಾರೆ” ಎಂದು, ನಾನು ಕೊಡುತ್ತಿದ್ದುದರ ಎರಡರಷ್ಟು ಹೇಳಿದೆ.

“ತಾಯಿ ಹಳೇ ಊರಲ್ಲಿಲ್ಲ ಅಂದ್ರು...”

“ವಕ್ಕಲೇರೀಲಿದ್ದಾರೆ, ತಮ್ಮನ ಮನೇಲಿ. ಬೆಳಿಗ್ಗೆ ಬೆಳಿಗ್ಗೆ ಡೈರಿ ಹತ್ರ ಹೋಗಿ, ಸಿಕ್ತಾರೆ.”

ಒಬ್ಬ ಫೈಲು ತೆರೆದು ಬರೆದುಕೊಂಡ. ಎಷ್ಟು ಅಚ್ಚುಕಟ್ಟಾದ ಜನ ಎಂದುಕೊಂಡೆ. ಬಾಗಿಲವರೆಗೆ ಹೋಗಿ ಕಳಿಸಿಕೊಟ್ಟೆ.

ಸಂಜೆ ಮೇಷ್ಟ್ರು ಬಸ್ಸಿಳಿದು ಬರುತ್ತಿದ್ದ ಹಾಗೇ, “ಸ್ವೀಟ್ ಯಾವಾಗ ಮೇಷ್ಟ್ರೇ? ಹೆಣ್ಣಿನ ಕಡೆಯವರು ಬಂದಿದ್ರು” ಎಂದೆ. ಒಂದು ಕ್ಷಣ ಅವರ ಮುಖದಲ್ಲಿ ನಾಚಿಕೆಯಂಥದ್ದು ಕಂಡಿತು. “ನನಗಾ? ಯಾವ ಊರವರಂತೆ?” ಎಂದರು. ಊರು ಹೇಳಲಿಲ್ಲ ಎಂದೆ. ಆ ನಾಚಿಕೆ ಹಾಗೇ ಇದ್ದಂತೆಯೇ ಕಣ್ಣು ಮಾತ್ರ ಬದಲಾಯಿತು.

“ಕೈಲಿ ಫೈಲ್ ಇತ್ತಾ ಅಣ್ಣಾ?”

“ಇತ್ತು.”

“ಅಮ್ಮನ ಊರು ಕೇಳಿದ್ರಾ?”

ನಾನು ಕ್ರೇಟುಗಳ ಕಡೆ ತಿರುಗಿದೆ. ಅವರಿಗೆ ಗೊತ್ತಾಯಿತು. ಬ್ಯಾಗನ್ನು ಕುರ್ಚಿಯ ಮೇಲೆ ಬಿಟ್ಟು, ಇಳಿದ ಬಸ್ಸಿಗೇ ಹತ್ತಲು ಓಡಿದರು. ಅಷ್ಟು ವಯಸ್ಸಿನ ಗಂಡಸು ಹಾಗೆ ಓಡುವುದನ್ನು ನಾನು ನೋಡಿರಲಿಲ್ಲ. ಅವತ್ತು ಹಿಡಿದ ಭಯ... ಅದು ಅವರದು, ನನ್ನದಲ್ಲ ಎಂದು ಅವತ್ತು ಅಂದುಕೊಂಡೆ.

ಅವರು ಹೋಗಿ ಮುಟ್ಟಿದರೂ ಪ್ರಯೋಜನ ಆಗಲಿಲ್ಲ. ತಾಯಿಗೆ ಹೇಳಿ ಹೆದರಿಸುವುದು ಹೇಗೆ ಎಂದು ರಾತ್ರಿ ಸುಮ್ಮನಿದ್ದರಂತೆ. ಬೆಳಿಗ್ಗೆ ಆಯಮ್ಮ ಎಂದಿನ ಹಾಗೆ ಕ್ಯಾನು ಹಿಡಿದು ಡೈರಿಗೆ ಹೋಗಿದ್ದಾರೆ. ಹೆಂಗಸರ ಸಾಲಿನಲ್ಲಿ ನಿಂತಿದ್ದಾಗ ಆ ಇಬ್ಬರು ಬಂದು ಹೆಸರು ಹಿಡಿದು ಕೂಗಿದ್ದಾರೆ. ಬೈಯಲಿಲ್ಲ, ಮುಟ್ಟಲಿಲ್ಲ. ಸಾಲದ ಮೊತ್ತ ಓದಿದರು. “ಮಗ ಎರಡು ಕಡೆ ದುಡೀತಾನೆ, ಮಂಡಿಯವರೇ ಹೇಳಿದ್ದಾರೆ. ಕೊಡೋಕೆ ಮನಸ್ಸಿಲ್ಲ ಅಷ್ಟೇ” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಆಯಮ್ಮ ಹಾಲು ಅಳೆಸದೆ ಕ್ಯಾನನ್ನು ಅಲ್ಲೇ ನೆಲಕ್ಕಿಟ್ಟು ಮನೆಗೆ ನಡೆದರಂತೆ. ಮತ್ತೆ ಡೈರಿಯ ಕಡೆ ಹೋಗಲಿಲ್ಲ. ವಾರದೊಳಗೆ ಎರಡೂ ಹಸು ಮಾರಿದರು.

ಎಂಟು ದಿನದ ಮೇಲೆ ಮೇಷ್ಟ್ರು ಬ್ಯಾಗಿಗಾಗಿ ಬಂದರು. ನಾನು ಏನು ಹೇಳಬೇಕೆಂದು ಎಂಟು ದಿನ ಯೋಚಿಸಿದ್ದೆ. ಹೇಳುವ ಮೊದಲೇ ಅವರು ಪೆನ್ನು ತೆಗೆದುಕೊಂಡರು. ಬಾಕಿ ಇದ್ದ ಪಟ್ಟಿಗಳನ್ನು ಕೂತು ಬರೆದು ಮುಗಿಸಿದರು. ಹೊರಡುವಾಗ ಅವರೇ ಹೇಳಿದರು: “ನೀವು ಕೆಟ್ಟದ್ದಕ್ಕೆ ಹೇಳಿಲ್ಲ ಅಣ್ಣಾ. ನನ್ನನ್ನ ದೊಡ್ಡವನು ಮಾಡಿ ಹೇಳಿದ್ರಿ. ಬಿಡಿ.”

ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಮುಂದಿನ ಬೇಸಿಗೆಗೆ ಅವರು ಬರಲಿಲ್ಲ. ಫೋನು ಹೋಗಲಿಲ್ಲ. ಕಾಲೇಜಿನಲ್ಲಿ ವಿಚಾರಿಸಿದರೆ, ನಾನು ಯಾರು ಎಂದು ಮೊದಲು ಕೇಳಿದರು. ಹಾಗೇ ಹಿಂದಿರುಗಿದೆ. ಕೊನೆಗೆ ವಕ್ಕಲೇರಿಗೇ ಹೋದೆ. ಅವರ ಸೋದರಮಾವ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದರು. “ಅಕ್ಕನ್ನ ಕರ್ಕೊಂಡು ಹೋದ. ಎಲ್ಲಿಗೆ ಅಂತ ನಮಗೂ ಹೇಳಿಲ್ಲ. ನಮಗೆ ಗೊತ್ತಿದ್ರೆ ಯಾರಾದರೂ ಕೇಳ್ತಾರೆ, ನಾವು ಹೇಳಿಬಿಡ್ತೀವಿ ಅಂತ.” ಅವರು ನನ್ನನ್ನು ನೋಡಿದ ರೀತಿಯಲ್ಲಿ, ನಾನೂ ಫೈಲು ಹಿಡಿದು ಬಂದವರಲ್ಲಿ ಒಬ್ಬನಾಗಿದ್ದೆ.

ಈಗ ನನ್ನ ಮಗಳ ಸರದಿ. ಫಿಸಿಯೋಥೆರಪಿ ಓದುತ್ತಾಳಂತೆ. ಬೆಂಗಳೂರಿನ ಖಾಸಗಿ ಕಾಲೇಜಿನಲ್ಲಿ ಸೀಟು ಸಿಕ್ಕಿದೆ, ನನ್ನ ಮಂಡಿಯ ದುಡಿಮೆ ಅದಕ್ಕೆ ಎಟುಕುವುದಿಲ್ಲ. ಸೊನೆ ಹತ್ತಿದ್ದನ್ನು ಬಿಟ್ಟು, ಹೊಸ ಅರ್ಜಿ ತಂದು ಮೂರು ದಿನದ ಹಿಂದೆ ಮನೆಯಲ್ಲಿ ಬಿಡಿಸಿದೆ. ಮಗಳು ಒಂದೊಂದು ಸಾಲು ಓದಿ ಕನ್ನಡದಲ್ಲಿ ಹೇಳಿದಳು. ಅದರಲ್ಲೊಂದು ಕಡೆ, ನಿಮ್ಮನ್ನು ಬಲ್ಲ ಇಬ್ಬರ ಹೆಸರು, ವಿಳಾಸ, ಫೋನು ಬರೆಯಿರಿ ಎಂದಿತ್ತು.

“ನಮ್ಮಮ್ಮಂದು ಬರೀರಿ, ಮುಳಬಾಗಿಲಲ್ಲಿ ಎಲ್ಲರಿಗೂ ಗೊತ್ತು” ಎಂದಳು ಹೆಂಡತಿ.

“ಬೇಡ” ಎಂದು ನಾನು ಕೂಗಿದ್ದು ಪಕ್ಕದ ಮನೆಗೆ ಕೇಳಿರಬೇಕು. ಅವರಿಬ್ಬರೂ ಗಾಬರಿಯಾದರು. ಆಮೇಲೆ ಕೂತು ಹೇಳಿದೆ. ಅಷ್ಟು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು, ಟೀ ತರಿಸಿದ್ದನ್ನೂ ಬಿಡದೆ, ಹೇಳಿದೆ. ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಕೇಳಿದಳು. ಮಗಳು ಕಾಗದವನ್ನು ನನ್ನ ಕಡೆ ತಳ್ಳಿದಳು.

“ಅಪ್ಪಾ, ಓದ್ಲಾ ಬೇಡ್ವಾ, ಅದನ್ನ ಹೇಳು.”

ಬೇಡ ಅನ್ನುವುದು ಎಷ್ಟು ಸುಲಭವಿತ್ತು. ನಾನೇ ಇಲ್ಲವಾ, ಓದದೆ ಇಷ್ಟು ಮಾಡಿದೆ ಅಂದರೆ ಮುಗಿಯುತ್ತಿತ್ತು. ಆದರೆ ಪಲ್ಪ್ ಫ್ಯಾಕ್ಟರಿಯ ಕಾಗದಕ್ಕೆ ಅವತ್ತು ಸಹಿ ಹಾಕಿದ್ದರೆ ಆ ‘ಇಷ್ಟು’ ಕೂಡ ಇರುತ್ತಿರಲಿಲ್ಲ ಎಂದು ನನಗೊಬ್ಬನಿಗೇ ಗೊತ್ತು.

“ಓದು” ಎಂದೆ.

ಮಾರನೆಯ ದಿನ ಮಾಲೂರಿಗೆ ಹೋಗಿ ಭಾಮೈದನನ್ನು ಕಂಡೆ. “ನಿನ್ನ ಹೆಸರು ಬರೀತಾ ಇದ್ದೀನಿ. ಯಾರು ಬಂದು ಕೇಳಿದರೂ, ನಿಮ್ಮಕ್ಕ ಎಲ್ಲಿರ್ತಾಳೆ, ಏನು ಮಾಡ್ತಾಳೆ ಅಂತ ಬಾಯಿ ಬಿಡಬೇಡ.”

“ಯಾರು ಬರ್ತಾರೆ ಬಾವ? ಇನ್ನೂ ಹುಡುಗಿ ಕಾಲೇಜಿಗೇ ಸೇರಿಲ್ಲ” ಎಂದು ನಕ್ಕ.

ನನಗೆ ನಗು ಬರಲಿಲ್ಲ. ಎರಡನೆಯ ಹೆಸರಿಗೆ ಮಂಡಿ ಕಟ್ಟಡದ ಮಾಲೀಕರನ್ನು ಒಪ್ಪಿಸಿದೆ. ಹೆಂಡತಿಯ ಹೆಸರು ಅರ್ಜಿಯಲ್ಲಿ ಎಲ್ಲಿಯೂ ಬರದ ಹಾಗೆ ನೋಡಿಕೊಂಡು, ನಿನ್ನೆ ಬ್ಯಾಂಕಿಗೆ ಕೊಟ್ಟು ಬಂದೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಬಾಡಿಗೆಯ ಮಂಡಿ ಒಂದು. ಸ್ವಂತ ಮನೆ ಒಂದು. ಹಳೆಯ ಟೆಂಪೊ ಒಂದು. ಹೆಂಡತಿ. ಓದಲು ಹೊರಟ ಮಗಳು. ಅವಳಿಗೆ ಮೂವತ್ತು ತುಂಬಿದರೂ ತೀರದ ಸಾಲ ಒಂದು, ಅದರಲ್ಲಿ ಎರಡನೇ ಸಹಿ ನನ್ನದು. ಆ ಕಾಗದವನ್ನು ನನಗಾಗಿ ಇನ್ನೊಂದು ಸಲ ಓದಿ, ಸ್ವಲ್ಪ ಒಳಗೆ ಬನ್ನಿ ಎಂದು ಕರೆಯುವವರು ಇಲ್ಲ.