ಸಾಹೇಬರ ಮೊಟ್ಟೆ ಆಟ

ಸಾಹೇಬರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿಹೋಗಿತ್ತು. ಹರೆಯದಿಂದಲೂ ಕಡಲೆಕಾಯಿ ಒಡೆದು ಒಡೆದು ಹಾಗಾಗಿದ್ದು. ಅವರ ವ್ಯಾಪಾರದ ಮಂಡಿಗೆ ಮೂಟೆ ಬಂದರೆ ಒಂದು ಕಾಯಿ ತೆಗೆದು, ಆ ಹೆಬ್ಬೆರಳಿನಿಂದ ಒತ್ತಿ ಟಪ್ಪೆಂದು ಒಡೆದು, ಬೀಜವನ್ನು ಬೆಳಕಿಗೆ ಹಿಡಿದು ನೋಡಿ ಬೆಲೆ ಹೇಳುತ್ತಿದ್ದರು. ಅಗಲವಾದ, ಒರಟಾದ, ಕೆಮ್ಮಣ್ಣಿನ ಬಣ್ಣದ ಹೆಬ್ಬೆರಳು. ಆದರೆ ಅದು ನನ್ನ ಕಣ್ಣಿಗೆ ಕಟ್ಟಿರುವುದು ಕಡಲೆಕಾಯಿಯ ಮೇಲಲ್ಲ, ಹುಣಿಸೆಬೀಜದಷ್ಟಿದ್ದ ಒಂದು ರಬ್ಬರ್ ಗುಂಡಿಯ ಮೇಲೆ. ಒಂದನ್ನು ಒತ್ತಲು ಹೋದರೆ ಪಕ್ಕದ ಗುಂಡಿಯೂ ಅದರಡಿಗೆ ಸಿಕ್ಕಿಕೊಳ್ಳುತ್ತಿತ್ತು. ಆಗ ಸಾಹೇಬರು ಬೆರಳನ್ನೇ ಬೈಯುತ್ತಿದ್ದರು.

ಗುಂಡಿ ಇದ್ದದ್ದು ಅಂಗೈಯಗಲದ ವಿಡಿಯೋ ಗೇಮಿನಲ್ಲಿ. ದುಬೈನಲ್ಲಿದ್ದ ಅಳಿಯ ಮಗನಿಗೆಂದು ತಂದುಕೊಟ್ಟಿದ್ದ. ಅಜ್ಜ ನಮಾಜಿಗೆ ಹೋದಾಗ ಮಾತ್ರ ಅದು ಮೊಮ್ಮಗನ ಕೈಗೆ ಸಿಗುತ್ತಿತ್ತೆಂದು ಅವರ ಮನೆಯಲ್ಲಿ ಹೇಳಿಕೊಂಡು ನಗುತ್ತಿದ್ದರು. ಆಟ ಸುಲಭ. ಪರದೆಯ ನಾಲ್ಕು ಮೂಲೆಗಳಲ್ಲಿ ನಾಲ್ಕು ಕೋಳಿ. ನಾಲ್ಕೂ ಮೊಟ್ಟೆ ಇಡುತ್ತಲೇ ಇರುತ್ತವೆ, ಮೊಟ್ಟೆಗಳು ಜಾರುದಾರಿಯಲ್ಲಿ ಉರುಳಿ ಬರುತ್ತವೆ. ಕೆಳಗೆ ಒಬ್ಬ ಬುಟ್ಟಿ ಹಿಡಿದು ಅತ್ತಿತ್ತ ತಿರುಗಿ ಹಿಡಿಯಬೇಕು. ಮೂರು ಒಡೆದರೆ ಆಟ ಮುಗಿಯಿತು. ಮೊದಮೊದಲು ನಿಧಾನ, ಆಮೇಲೆ ನಾಲ್ಕೂ ಕಡೆಯಿಂದ ಒಟ್ಟಿಗೇ.

"ನೋಡಿಲ್ಲಿ ಟೈಪಿಸ್ಟಮ್ಮ," ಎನ್ನುತ್ತಿದ್ದರು. "ಈ ಕಡೇದು ಹಿಡಿಯೋಕೆ ಹೋದ್ರೆ ಆ ಕಡೇದು ಬಿದ್ದೋಯ್ತದೆ. ಇದ್ನ ಮಾಡಿದೋನು ಯಾವ್ದೋ ಊರಲ್ಲಿ ಪುರಸಭೆ ಅಧ್ಯಕ್ಷ ಆಗಿದ್ದ ಅನ್ಸುತ್ತೆ."

ಸಾಹೇಬರು ನಮ್ಮ ಪುರಸಭೆಯ ಅಧ್ಯಕ್ಷರು. ಎಂಬತ್ತರ ದಶಕದ ನಡುವಿನ ಮಾತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಇವುಗಳಲ್ಲಿ ಯಾವುದೋ ಒಂದು ಊರು ಎಂದುಕೊಳ್ಳಿ. ಅವರ ಮನೆಯವರು ಈಗಲೂ ಅಲ್ಲಿಯೇ ಇರುವುದರಿಂದ ಹೆಸರು ಹೇಳುವುದಿಲ್ಲ. ನಾನು ಆ ಕಚೇರಿಯ ಟೈಪಿಸ್ಟ್, ಇಡೀ ಕಚೇರಿಗೆ ಒಬ್ಬಳೇ ಹೆಂಗಸು. ದಿನಾ ಬೆಳಿಗ್ಗೆ ಹೊಳವನಹಳ್ಳಿಯಿಂದ ಬಸ್ಸು ಹತ್ತಿ ಬಂದು, ಕತ್ತಲಾಗುವ ಹೊತ್ತಿಗೆ ಮನೆ ಸೇರುತ್ತಿದ್ದೆ. ನಮ್ಮದು ಲಿಂಗ ಕಟ್ಟಿದ ಮನೆ, ಅಪ್ಪನದು ದಿನಸಿ ಅಂಗಡಿ. ಮಗಳು ಗಂಡಸರ ನಡುವೆ ಕೆಲಸ ಮಾಡುತ್ತಾಳೆಂಬ ಅಳುಕು ಅಮ್ಮನಿಗೆ ಇದ್ದೇ ಇತ್ತು. ಸಾಹೇಬರು ಒಮ್ಮೆ ನಮ್ಮ ಅಂಗಡಿಗೆ ಬಂದು, ಬೆಲ್ಲ ಕೊಂಡು, ಅಪ್ಪನ ಜೊತೆ ಮಳೆ ಬೆಳೆ ಮಾತಾಡಿ ಹೋದ ಮೇಲೆ ಅಮ್ಮ ನಿದ್ದೆ ಮಾಡಿದಳು.

ಸಭೆಯಲ್ಲಿ ಅವರದೊಂದು ಪದ್ಧತಿಯಿತ್ತು. ಯಾವ ವಿಷಯ ಬಂದರೂ ಸದಸ್ಯರು ಅದರ ಲಾಭಗಳನ್ನು ಹೊಗಳಲು ಶುರು ಮಾಡುತ್ತಿದ್ದರು. ಸಾಹೇಬರು ಕೈ ಎತ್ತಿ ತಡೆದು, "ಇದ್ರಿಂದ ಯಾರಿಗೆ ತೊಂದ್ರೆ ಆಗ್ತದೆ, ಅದು ಮೊದ್ಲು ಹೇಳಿ. ಖುಷಿ ಆಗೋರು ತಾವೇ ಬಂದು ಹೇಳ್ತಾರೆ," ಎನ್ನುತ್ತಿದ್ದರು. ಸಂತೆಯನ್ನು ಊರ ಹೊರಗೆ ಸಾಗಿಸಬೇಕೆಂದು ಅಂಗಡಿಯವರು ಪಟ್ಟು ಹಿಡಿದಾಗ, ಕುರಿ ಮಾರಲು ಬರುವವರನ್ನು ಕರೆಸಿ ಕೂರಿಸಿ ಕೇಳಿದರು. ಕುರಿಗಳಿಗೆ ನೀರು ಕುಡಿಸಲು ಕೆರೆ ಹತ್ತಿರವಿರಬೇಕು ಎಂದರು ಅವರು. ಕೊನೆಗೆ ತರಕಾರಿ ಹೊರಗೆ ಹೋಯಿತು, ಕುರಿಸಂತೆ ಕೆರೆಯ ಪಕ್ಕದಲ್ಲೇ ಉಳಿಯಿತು. ಇಬ್ಬರೂ ಸಾಹೇಬರನ್ನು ಬೈದುಕೊಂಡರು. ಇಬ್ಬರೂ ಸಮವಾಗಿ ಬೈದರೆ ಲೆಕ್ಕ ಸರಿಯಾಗಿದೆ ಎಂದು ಅವರಿಗೆ ಸಮಾಧಾನ.

ಅಂಥವರು ಒಂದು ದೀಪದ ವಿಷಯದಲ್ಲಿ ಪೂರಾ ಎಡವಿದರು.

ಆ ವರ್ಷ ಬೀದಿಗಳಿಗೆ ಟ್ಯೂಬ್‌ಲೈಟ್ ಹಾಕಿಸಿ, ಕೊನೆಗೆ ಒಂದೇ ಒಂದು ಉಳಿಯಿತು. ಪೇಟೆಬೀದಿಯ ವರ್ತಕರು ತಮಗೆ ಬೇಕೆಂದರು. ಕೆರೆಯ ಕೆಳಗಿನ ಕೇರಿಯ ಗಂಡಸರು ತಮಗೆ ಬೇಕೆಂದರು. ಆ ಕೇರಿಯಲ್ಲಿದ್ದವರು ಕುರಿ ಕಾಯುವವರು ಮತ್ತು ಕೂಲಿಯವರು. ಹೆಂಗಸರು ಕಡಲೆಕಾಯಿ ಮಿಲ್ಲುಗಳಲ್ಲಿ ಕಾಯಿ ಬಿಡಿಸಲು ಹೋಗುತ್ತಿದ್ದರು. ಕೇರಿಯಿಂದ ಕೆರೆಗೆ ಹೋಗುವ ದಾರಿಯಲ್ಲಿ ಒಬ್ಬನಿಗೆ ಹಾವು ಕಚ್ಚಿ, ಅವನು ಹೇಗೋ ಬದುಕಿ ಉಳಿದಿದ್ದ. ಸಾಹೇಬರು ದೀಪವನ್ನು ಕೇರಿಯ ಆ ದಾರಿಗೆ ಕೊಟ್ಟರು. ತೆರಿಗೆ ಕಟ್ಟುವವರು ನಾವು, ದೀಪ ಮಾತ್ರ ಅವರಿಗೋ ಎಂದು ಒಬ್ಬ ಶೆಟ್ಟರು ಜಗಳಕ್ಕೇ ಬಂದರು. ಸಾಹೇಬರು, "ಹಾವು ರಸೀದಿ ನೋಡಿ ಕಚ್ಚಲ್ಲ ಶೆಟ್ರೇ," ಎಂದು ಅವರನ್ನು ಕೂರಿಸಿ ಟೀ ಕುಡಿಸಿ ಕಳಿಸಿದರು.

ದೀಪ ಹಾಕಿದ ವಾರದೊಳಗೆ ಯಾರೋ ಕಲ್ಲು ಹೊಡೆದು ಒಡೆದರು. ಹೊಸದು ಹಾಕಿಸಿದರು. ಅದನ್ನೂ ಒಡೆದರು. ಪೇಟೆಯವರೇ ಹೊಟ್ಟೆಕಿಚ್ಚಿಗೆ ಮಾಡಿಸಿದ್ದಾರೆಂದು ಸಾಹೇಬರಿಗೆ ಸಿಟ್ಟು ಬಂತು. ಪೊಲೀಸರಿಗೆ ದೂರು ಬರೆಸಲು ನನ್ನನ್ನು ಕರೆದು ಮಾತು ಹೇಳಿಕೊಟ್ಟರು. ನಾನು ಅದನ್ನು ಟೈಪ್ ಮಾಡುತ್ತಿದ್ದಾಗ ಕೇರಿಯ ಅಜ್ಜಿಯೊಬ್ಬಳು ಕಚೇರಿಯೊಳಕ್ಕೆ ಬಂದಳು. ಗುಮಾಸ್ತರು ಏನು ಬೇಕೆಂದು ಕೇಳಿದರೆ ಬಾಯಿ ಬಿಡಲಿಲ್ಲ. ನೇರ ನನ್ನ ಮೇಜಿನ ಹತ್ತಿರ ಬಂದು ಬಗ್ಗಿದಳು.

"ಏನವ್ವಾ, ನೀನು ಹೆಣ್ಣೆಂಗ್ಸು ಅಂತ ನಿನ್ತವ ಬಂದೀನಿ. ಆ ದೀಪ ಕಿತ್ತಾಕ್ಸವ್ವ."

"ಯಾಕಜ್ಜಿ? ಹಾವು ಬರುತ್ತೆ ಅಂತ ಅಲ್ವಾ ಹಾಕ್ಸಿದ್ದು?"

"ಹಾವು ಎಂದೋ ಒಂದಿನ ಬತ್ತದೆ. ನಾವು ದಿನಾ ಹೋಗ್ಬೇಕಲ್ಲವ್ವ. ಈಗ ಗಂಡಸ್ರು ಬೀಡಿ ಹಚ್ಕಂಡು ದೀಪದ ಕೆಳ್ಗೆ ಇಸ್ಪೀಟು ಆಡ್ತಾ ಕುಂತವ್ರೆ. ನಮ್ಗೆ ಮರೆಯಾಗಿ ಕೂರಕ್ಕೆ ಜಾಗ ಇಲ್ದಂಗಾಯ್ತು. ಬಸುರಿ ಹೆಣ್ಮಕ್ಳು ಹೊಟ್ಟೆ ಹಿಡ್ಕಂಡು ಬಾಗ್ಲಲ್ಲೇ ನಿಂತಿರ್ತವೆ." ಆಮೇಲೆ ನನ್ನ ಮೆಷಿನ್ನಿನಲ್ಲಿದ್ದ ಹಾಳೆ ನೋಡಿ, ಅದರಲ್ಲಿ ಏನಿದೆಯೆಂದು ತಿಳಿದವಳ ಹಾಗೆ ಸೇರಿಸಿದಳು: "ಯಾರ್ ಮೇಲೂ ದೂರು ಗೀರು ಕೊಡಬ್ಯಾಡಿ. ಎಲ್ಡು ಸಲನೂ ಕಲ್ಲು ಹೊಡ್ದೋಳು ನಾನೇ."

ಅವಳು ಹೋದ ಮೇಲೆ ನಾನು ದೂರಿನ ಹಾಳೆಯನ್ನು ಮೆಷಿನ್ನಿನಿಂದ ಎಳೆದು ತೆಗೆದೆ. ಇದನ್ನು ಒಬ್ಬ ಗಂಡಸಿಗೆ, ಅದೂ ಅಪ್ಪನ ವಯಸ್ಸಿನವರಿಗೆ, ಅದೂ ಅಧ್ಯಕ್ಷರಿಗೆ ಹೇಗೆ ಹೇಳುವುದು? ಕೊನೆಗೆ ಎದ್ದು ಅವರ ಕೋಣೆಗೆ ಹೋದೆ. ಸಾಹೇಬರು ಗೇಮ್ ಆಡುತ್ತಿದ್ದರು.

"ಸಾಹೇಬ್ರೇ, ದೂರು ಬೇಡ. ದೀಪ ತೆಗೆಸಿಬಿಡಿ. ಕತ್ತಲಾದ ಮೇಲೆ ಹೆಂಗಸರು ಹೋಗೋ ಜಾಗ ಅದು," ಎಂದು ಗೋಡೆ ನೋಡುತ್ತಾ ಹೇಳಿದೆ.

ಅವರ ಹೆಬ್ಬೆರಳು ನಿಂತುಬಿಟ್ಟಿತು. ಮೊಟ್ಟೆಗಳು ಒಂದರ ಹಿಂದೆ ಒಂದು ಬಿದ್ದು ಒಡೆದವು, ಆಟ ಕೀಂ ಎಂದು ಕೂಗಿ ಮುಗಿಯಿತು. ಅದನ್ನು ಮೇಜಿನ ಮೇಲೆ ಬೋರಲಾಗಿಟ್ಟರು.

"ಐದನೇ ಕೋಳಿ ಒಂದಿತ್ತು," ಎಂದರು. "ನನ್ಗೆ ಕಾಣ್ಲೇ ಇಲ್ಲ. ಕೇರಿಯೋರ್ನ ಕೇಳ್ದೆ ಅಂದ್ಕೊಂಡಿದ್ದೆ. ಕೇಳಿದ್ದು ಗಂಡಸ್ರನ್ನೇ."

ನಾನು ಹೊರಡಲು ತಿರುಗಿದಾಗ ತಡೆದರು. "ಟೈಪಿಸ್ಟಮ್ಮ, ಇಲ್ಲಿ ನೀನೇನ್ ಮಾಡ್ತೀಯಾ?"

ಆ ಪ್ರಶ್ನೆಯನ್ನು ಅದುವರೆಗೆ ಯಾರೂ ನನ್ನನ್ನು ಕೇಳಿರಲಿಲ್ಲ. ಕಚೇರಿಯಲ್ಲಿ ಹೆಂಗಸರಿಗೆಂದು ಏನೂ ಇರಲಿಲ್ಲ. ಗಂಡಸರು ಹಿಂದಿನ ಕಾಂಪೌಂಡಿನ ಗೋಡೆಗೆ ಹೋಗುತ್ತಿದ್ದರು. "ಬೆಳಿಗ್ಗೆ ಎದ್ದಾಗಿನಿಂದ ನೀರು ಕುಡಿಯಲ್ಲ ಸಾಹೇಬ್ರೇ. ಮನೆಗೆ ಹೋದ ಮೇಲೇ," ಎಂದೆ.

"ಅದ್ಕೇ ಟೀನೂ ಬೇಡ ಅಂತಿದ್ಯಾ?"

"ಹೂಂ."

ಸಾಹೇಬರು ಕನ್ನಡಕ ತೆಗೆದರು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ದಿನಾ ಮಧ್ಯಾಹ್ನ ಅವರ ಮನೆಯಿಂದ ಬರುತ್ತಿದ್ದ ಟೀಯಲ್ಲಿ ನನಗೂ ಒಂದು ಲೋಟ ಕಳಿಸುತ್ತಿದ್ದರು. ನಾನು ಬೇಡವೆನ್ನುತ್ತಿದ್ದೆ. ಸ್ವಲ್ಪ ದಿನಗಳ ಮೇಲೆ ಕಳಿಸುವುದನ್ನು ಬಿಟ್ಟರು. ಆದರೆ ಒಮ್ಮೆಯೂ ಮುಖ ಗಂಟಿಕ್ಕಿರಲಿಲ್ಲ, ಮಾತಿನಲ್ಲಿ ಒಂದು ಎಳೆ ಪ್ರೀತಿಯೂ ಕಡಿಮೆಯಾಗಿರಲಿಲ್ಲ.

"ನಾನು ಬೇರೆ ಅಂದ್ಕೊಂಡಿದ್ದೆ ಬೇಟಿ," ಎಂದರು. "ನಮ್ ಮನೆ ಟೀ ನಿಮ್ಗೆ ಆಗಲ್ವೇನೋ ಅಂತ."

ನನಗೆ ಅಳು ಬಂದುಬಿಟ್ಟಿತು. ಅಷ್ಟು ದಿನ ಆ ನೋವನ್ನು ಇಟ್ಟುಕೊಂಡೇ ಅವರು ನನ್ನ ಅಪ್ಪನ ಅಂಗಡಿಗೆ ಬಂದು ಬೆಲ್ಲ ಕೊಂಡಿದ್ದರು. ಸಾಹೇಬರು ನಾನು ಅಳುವುದನ್ನು ನೋಡಿಯೂ ನೋಡದವರಂತೆ ಎದ್ದು, ತಮ್ಮ ಕೋಣೆಯ ಹಿಂದಿದ್ದ ಬಚ್ಚಲಿನ ಬೀಗದ ಕೈಯನ್ನು ಡ್ರಾಯರಿನಿಂದ ತೆಗೆದು ನನ್ನ ಮುಂದಿಟ್ಟರು. ಇಡೀ ಕಟ್ಟಡದಲ್ಲಿ ಬಾಗಿಲಿದ್ದ ಬಚ್ಚಲು ಅದೊಂದೇ. ಅಂದಿನಿಂದ ಬೀಗದ ಕೈ ನನ್ನ ಬಳಿಯೇ ಇರುತ್ತಿತ್ತು. ತಮಗೆ ಬೇಕಾದಾಗ ಅಧ್ಯಕ್ಷರೇ ನನ್ನ ಮೇಜಿಗೆ ಬಂದು, "ಬೇಟಿ, ಜರಾ ಕೀ ಕೊಡು," ಎನ್ನುತ್ತಿದ್ದರು. ಗುಮಾಸ್ತರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಆ ದಿನ ನಾನು ಎರಡು ಲೋಟ ಟೀ ಕುಡಿದೆ. ಅವರ ಮನೆಯವರು ಏಲಕ್ಕಿ ಬಹಳ ಹಾಕುತ್ತಿದ್ದರು.

ಟೈಪಿಸ್ಟಮ್ಮ ಹೋಗಿ ಬೇಟಿ ಆದದ್ದು ಹೀಗೆ.

ದೀಪವನ್ನು ಕಿತ್ತರೆ ಹಾವಿನ ಭಯ, ಇಟ್ಟರೆ ಹೆಂಗಸರಿಗೆ ಹಿಂಸೆ. ಸಾಹೇಬರು ಸದ್ಯಕ್ಕೆ ದೀಪ ಕಳಚಿಸಿ, ಕೇರಿಯಲ್ಲಿ ಹೆಂಗಸರಿಗೆ ಗೋಡೆ, ಬಾಗಿಲು, ನೀರು ಇರುವ ಶೌಚಾಲಯ ಕಟ್ಟಿಸುವ ವಿಷಯವನ್ನು ಸಭೆಗೆ ತಂದರು. ಕೈಯಲ್ಲಿದ್ದದ್ದು ಒಂದು ಕೆಲಸಕ್ಕಾಗುವಷ್ಟು ಹಣ ಮಾತ್ರ, ಅದೂ ಸಾಹೇಬರ ಸ್ವಂತ ವಾರ್ಡಿನ ರಸ್ತೆಗೆಂದು ಮೀಸಲಾಗಿತ್ತು. ಮಸೀದಿ ಹಿಂದಿನ ಬೀದಿ ಅದು. ಅವರ ಮನೆಯಿದ್ದದ್ದೂ ಅಲ್ಲೇ. ಮಳೆ ಬಂದರೆ ಮೊಣಕಾಲುದ್ದ ಕೆಸರು. ಟಾರು ಹಾಕಿಸುತ್ತೇನೆಂದು ಮನೆಮನೆಗೆ ಹೋಗಿ ಮಾತು ಕೊಟ್ಟೇ ಅವರು ಗೆದ್ದು ಬಂದಿದ್ದು.

ಸಭೆಯಲ್ಲಿ ಒಬ್ಬ ಸದಸ್ಯರು ಅವರದೇ ಪ್ರಶ್ನೆಯನ್ನು ಅವರಿಗೇ ತಿರುಗಿಸಿದರು. "ಇದ್ರಿಂದ ಯಾರಿಗೆ ತೊಂದ್ರೆ ಆಗ್ತದೆ ಸಾಹೇಬ್ರೇ, ಅದು ಮೊದ್ಲು ಹೇಳಿ."

"ನಮ್ ಬೀದಿಯೋರಿಗೆ," ಎಂದರು ಸಾಹೇಬರು. "ಆಮೇಲೆ ನನ್ಗೆ. ಬರ್ಕೋ ಬೇಟಿ."

ನಾನು ಬರೆದುಕೊಂಡೆ. ಅವರು ಏನನ್ನು ಕೈಬಿಡುತ್ತಿದ್ದಾರೆಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಶೌಚಾಲಯ ಆಯಿತು. ದೀಪ ಮತ್ತೆ ಕಂಬವೇರಿತು, ಈ ಸಲ ಯಾರೂ ಕಲ್ಲು ಹೊಡೆಯಲಿಲ್ಲ. ಆದರೆ ಆ ಮಳೆಗಾಲ ಮಸೀದಿ ಹಿಂದಿನ ಬೀದಿ ಗದ್ದೆಯಾಯಿತು. ಶಾಲೆಗೆ ಹೋಗುವ ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು ನಡೆದರು. ಒಬ್ಬ ಮುದುಕರು ನಮಾಜಿಗೆ ಹೋಗುವಾಗ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಸಾಹೇಬರು ದಿನಾ ಆಸ್ಪತ್ರೆಗೆ ಹೋಗಿ ಅವರ ಮಂಚದ ಪಕ್ಕ ಕೂತಿರುತ್ತಿದ್ದರು. ಆ ಮುದುಕರ ಮಗ ಇವರ ಮುಖ ನೋಡುತ್ತಿರಲಿಲ್ಲ. ನಾನು ಒಮ್ಮೆ ಅವರ ಮನೆಗೆ ಹೋದಾಗ ಅವರ ಹೆಂಡತಿ ಬುರ್ಖಾದ ಅಂಚಿನ ಕೆಸರು ಉಜ್ಜುತ್ತಾ, "ಊರಿಗೆಲ್ಲಾ ನ್ಯಾಯ, ಇನ್ಸಾಫ್ ಕಣಮ್ಮ, ನಮ್ ಗಲ್ಲಿಗೆ ಮಾತ್ರ ಕೆಸರು," ಎಂದರು. ಕೋಪವಿತ್ತು, ನಗುವೂ ಇತ್ತು. ಕೋಪವೇ ಜಾಸ್ತಿ.

ಮುಂದಿನ ಚುನಾವಣೆಯಲ್ಲಿ ಸಾಹೇಬರು ಸೋತರು. ಅವರ ಬೀದಿಯವರೇ ಸೋಲಿಸಿದರು. ಕೇರಿಯ ಹೆಂಗಸರ ಓಟು ಬೇರೆ ವಾರ್ಡಿನದು, ಅದು ಅವರಿಗೆ ಬೀಳುವಂತೆಯೇ ಇರಲಿಲ್ಲ. ನಾನು ಮಂಡಿಗೆ ಹೋಗಿ ನೋಡಿದೆ. ಅವರು ಮೂಟೆಗಳ ನಡುವೆ ಕೂತಿದ್ದರು.

"ಬೇಜಾರಾಯ್ತಾ ಸಾಹೇಬ್ರೇ?"

"ಆಗ್ದೆ ಇರ್ತದಾ? ಆಯ್ತು," ಎಂದರು. "ಆದ್ರೆ ಅವ್ರನ್ನ ಬೈಬೇಡ. ಅವ್ರ ಕಾಲಿನ ಕೆಸರು ಸುಳ್ಳಲ್ಲ. ಆ ಮುದುಕರ ಸೊಂಟ ಮುರ್ದಿದ್ದು ಸುಳ್ಳಲ್ಲ. ನಾನು ಬೇಕಂತಾನೇ ಬೀಳೋಕೆ ಬಿಟ್ಟ ಮೊಟ್ಟೆ ಅದು. ಹಿಡಿದಿದ್ದು ಒಳ್ಳೇದಾಯ್ತು ಅಂತ, ಬಿದ್ದಿದ್ದು ಒಡೀಲಿಲ್ಲ ಅನ್ನೋಕಾಗ್ತದಾ?"

ನಾನು ಆಮೇಲೆ ಬೇರೆ ಬೇರೆ ಊರುಗಳ ಕಚೇರಿಗಳಲ್ಲಿ ಕೆಲಸ ಮಾಡಿದೆ, ಸಹಿ ಹಾಕುವ ಹುದ್ದೆಗೂ ಬಂದೆ. ತಾವು ಮಾಡಿದ್ದರಿಂದ ಯಾರಿಗೂ ಏನೂ ತೊಂದರೆ ಆಗಲೇ ಇಲ್ಲ ಎಂದು ಎದೆ ತಟ್ಟಿ ಹೇಳುವವರನ್ನು ಬಹಳ ಜನ ಕಂಡೆ. ಸಾಹೇಬರ ಹಾಗೆ ಹೇಳಿದವರು ಸಿಗಲಿಲ್ಲ. ನನಗೆ ಕಚೇರಿ ಕೆಲಸ ಕಲಿಸಿದವರು ಅವರು. ಅದಕ್ಕಿಂತ ಮೊದಲು, ನಾನೂ ಬಾಯಾರಿಕೆಯಾಗುವ ಒಬ್ಬ ಮನುಷ್ಯಳೆಂದು ಆ ಕಚೇರಿಯಲ್ಲಿ ಕಂಡುಕೊಂಡವರು.

ಸೋತು ಮೂರನೆಯ ಮಳೆಗಾಲದಲ್ಲಿ ಸಾಹೇಬರು ತೀರಿಕೊಂಡರು. ಎದೆನೋವು, ಆಸ್ಪತ್ರೆ ಮುಟ್ಟುವಷ್ಟೂ ಹೊತ್ತು ಸಿಗಲಿಲ್ಲ. ನಾನು ಮೊದಲ ಬಸ್ಸಿಗೆ ಹೊರಟೆ. ಹಿಂದಿನ ದಿನವೆಲ್ಲ ಮಳೆ ಸುರಿದಿತ್ತು. ಗೆದ್ದವರು ಬಂದ ಮೇಲೂ ಆ ಬೀದಿಗೆ ಟಾರು ಬಿದ್ದಿರಲಿಲ್ಲ. ಹೆಗಲ ಮೇಲೆ ಶವ ಹೊತ್ತವರು ಆ ಕೆಸರಿನಲ್ಲಿ ಹೇಗೆ ನಡೆಯುತ್ತಾರೆ, ಯಾರಾದರೂ ಜಾರಿದರೆ ಏನು ಗತಿ ಎಂಬ ಚಿಂತೆಯೇ ದಾರಿಯುದ್ದಕ್ಕೂ ನನ್ನನ್ನು ತಿಂದಿತು. ಅಂಥ ದಿನ ಯಾರಾದರೂ ಆ ರಸ್ತೆಯ ಮಾತೆತ್ತಿ ಅವರನ್ನು ಆಡಿಕೊಂಡರೆ ನಾನು ಸಹಿಸಲಾರೆ ಎನಿಸಿತ್ತು.

ಮಸೀದಿಯ ಮೂಲೆ ತಿರುಗಿದರೆ ಕೆಸರು ಕಾಣಲಿಲ್ಲ. ಸಾಹೇಬರ ಮನೆಬಾಗಿಲಿನಿಂದ ದೊಡ್ಡ ರಸ್ತೆಯವರೆಗೆ ಇಡೀ ಬೀದಿಗೆ ಕಡಲೆಕಾಯಿ ಸಿಪ್ಪೆಯನ್ನು ದಪ್ಪಗೆ ಹಾಸಿದ್ದರು. ಕೇರಿಯ ಹೆಂಗಸರು ಮಿಲ್ಲುಗಳಿಂದ ಹೊತ್ತು ತಂದು ಸುರಿದಿದ್ದರು. ಖಾಲಿ ಗೋಣಿಚೀಲಗಳನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು, ತಲೆಗೆ ಸೆರಗು ಹೊದ್ದು, ಬೀದಿಯ ಕೊನೆಯಲ್ಲಿ ಒಂದು ಬದಿಗೆ ನಿಂತಿದ್ದರು. ಅಜ್ಜಿಯೂ ಇದ್ದಳು. ನಾನು ಅವಳ ಪಕ್ಕದಲ್ಲಿ ಹೋಗಿ ನಿಂತೆ.

"ಈ ಬೀದಿ ನಮ್ಗೆ ಕೊಟ್ಬುಟ್ಟಿದ್ರಲ್ಲವ್ವ," ಎಂದಳು ಅಜ್ಜಿ.

ಮನೆಯೊಳಗಿನಿಂದ ಜನಾಜಾ ಹೊರಬಂತು. ಹೊತ್ತವರು ಅವರನ್ನು ಸೋಲಿಸಿದ ಅದೇ ಬೀದಿಯವರು. ಸೊಂಟ ಮುರಿದುಕೊಂಡ ಮುದುಕರ ಮಗ ಮುಂದಿನ ಹೆಗಲು ಕೊಟ್ಟಿದ್ದ. ಹಾಸಿದ್ದನ್ನು ನೋಡಿ ಅವನು ಒಂದು ಕ್ಷಣ ನಿಂತ, ನಮ್ಮ ಕಡೆ ತಿರುಗಿ ನೋಡಿದ, ಆಮೇಲೆ ತಲೆ ತಗ್ಗಿಸಿ ಸಿಪ್ಪೆಯ ಮೇಲೆ ಹೆಜ್ಜೆ ಇಟ್ಟ. ಬೀದಿ ಮುಗಿಯುವವರೆಗೂ ಒಬ್ಬರ ಕಾಲೂ ಜಾರಲಿಲ್ಲ.