ನಾನು ಸೌಟು ಎಂದು ನಕ್ಕದ್ದು

ಮಿನಿ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಅಗೆಯುವ ತೋಳನ್ನು ಆರಿಸುವುದು ಹೇಗೆ ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಒಂದೇ ಮಾತಿದೆ. ತೋಳನ್ನು ನೋಡುವ ಮೊದಲು ಟ್ರ್ಯಾಕ್ಟರನ್ನು ನೋಡಿ. ಅದರ ಹೊಟ್ಟೆಯ ಕೆಳಗೆ ಬಗ್ಗಿ, ಭಾರ ಬಿದ್ದಾಗ ಅದನ್ನು ಎಲ್ಲಿ ಹೊರುತ್ತದೆ ಎಂದು ನೋಡಿ. ಇಷ್ಟನ್ನು ನಾನು ಕಲಿಯುವುದಕ್ಕೆ ನನ್ನ ತಮ್ಮನ ಸೊಂಟ ಮುರಿಯಬೇಕಾಯಿತು.

ನಾನು ಭದ್ರಾವತಿಯವನು. ಎಸ್ಸೆಸ್ಸೆಲ್ಸಿ ಮುಗಿಸಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಸೇರಿ, ಅಲ್ಲೇ ನಿವೃತ್ತನಾದೆ. ಕಬ್ಬಿಣದ ಊರಿನ ಗಂಡಸರಿಗೆ ಒಂದು ಚಾಳಿ ಇದೆ. ಏನು ಕೊಳ್ಳಲು ಹೋದರೂ ಮೊದಲು ಎತ್ತಿ ತೂಕ ನೋಡುತ್ತೇವೆ, ಆಮೇಲೆ ಬೆರಳ ಗಂಟಿನಿಂದ ತಟ್ಟಿ ಸದ್ದು ಕೇಳುತ್ತೇವೆ. ಗೇಟಾಗಲಿ, ಮಂಚವಾಗಲಿ, ದೋಸೆ ಕಾವಲಿಯಾಗಲಿ, ದಪ್ಪ ಇದ್ದದ್ದು ಒಳ್ಳೆಯದು, ತೆಳ್ಳಗಿದ್ದದ್ದು ಮೋಸ. ನಮ್ಮ ಓಣಿಯಲ್ಲಿ ಯಾರು ಕಿಟಕಿಗೆ ಸರಳು ಹಾಕಿಸಿದರೂ ನನ್ನನ್ನು ಕರೆದು ತಟ್ಟಿಸುತ್ತಿದ್ದರು. ನಾನು ತಟ್ಟಿ ತಲೆಯಾಡಿಸಿದರೆ ಮಾತ್ರ ವ್ಯಾಪಾರ. ಅದು ನನಗೆ ತುಂಬ ಇಷ್ಟವಾಗಿತ್ತು.

ತಮ್ಮ ನನ್ನ ಹಾಗಲ್ಲ. ಮಾತು ಕಡಿಮೆ. ಬಹಳ ಕಾಲ ಬೇರೆಯವರ ಟ್ರ್ಯಾಕ್ಟರ್ ಓಡಿಸಿಕೊಂಡಿದ್ದು, ಶಿವಮೊಗ್ಗದ ಹುಡುಗಿಯನ್ನು ಮದುವೆಯಾಗಿ ವಿದ್ಯಾನಗರದಲ್ಲಿ ಬಾಡಿಗೆ ಮನೆ ಮಾಡಿದ್ದ. ನಡುವಯಸ್ಸು ದಾಟಿದ ಮೇಲೆ ಅವನದೇ ಒಂದು ಮಿನಿ ಟ್ರ್ಯಾಕ್ಟರ್ ಆಯಿತು. ಅದನ್ನು ಇಟ್ಟುಕೊಂಡು ಏನು ಮಾಡಬೇಕೆಂದು ಅವನು ಚೆನ್ನಾಗಿಯೇ ಯೋಚಿಸಿದ್ದ. ಊರಿನ ಹಳೇ ಬೀದಿಗಳಲ್ಲಿ, ಎರಡು ಮನೆಗಳ ನಡುವಿನ ಸಂದಿಯಲ್ಲಿ, ಪಾಯಿಖಾನೆ ಗುಂಡಿಗೋ ಪೈಪಿನ ಕಾಲುವೆಗೋ ಅಗೆಯಬೇಕೆಂದರೆ ದೊಡ್ಡ ಹಳದಿ ಯಂತ್ರ ಒಳಗೆ ಹೋಗುವುದಿಲ್ಲ. ಮಿನಿ ಟ್ರ್ಯಾಕ್ಟರ್ ಹೋಗುತ್ತದೆ. ಹಿಂದೆ, ತುದಿಯಲ್ಲಿ ಬಕೆಟ್ಟಿರುವ ಒಂದು ಅಗೆಯುವ ತೋಳು ಕಟ್ಟಿಸಿಕೊಂಡರೆ ವರ್ಷಪೂರ್ತಿ ಕೆಲಸ.

"ಅಣ್ಣ, ನೀನು ಬಾ. ಕಬ್ಬಿಣದ ವಿಷ್ಯ ನಂಗೆ ಗೊತ್ತಾಗಲ್ಲ" ಎಂದು ಫೋನ್ ಮಾಡಿದ. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಸ್ಸು ಹತ್ತಿದೆ.

ಶಿವಮೊಗ್ಗದ ಅಂಗಡಿಯಲ್ಲಿ ಅವನ ಟ್ರ್ಯಾಕ್ಟರಿಗೆ ಸರಿಹೊಂದುವ ತೋಳು ಒಂದು ಇತ್ತು. ಚಿಕ್ಕದು, ಬಣ್ಣ ಹೊಳೆಯುತ್ತಿತ್ತು. ಅದರ ಜೊತೆಗೆ ಒಂದು ಉದ್ದನೆಯ ಚೌಕಟ್ಟೂ ಬರುತ್ತದೆ ಎಂದು ಅಂಗಡಿಯವನು ತೋರಿಸಿದ. ಅದನ್ನು ಟ್ರ್ಯಾಕ್ಟರಿನ ಹೊಟ್ಟೆಯ ಕೆಳಗೆ, ಹಿಂದಿನಿಂದ ಮುಂದಿನವರೆಗೆ ಬೋಲ್ಟ್ ಹಾಕಿ ಬಿಗಿಯಬೇಕು. ತೋಳು ಅಗೆಯುವಾಗ ಬೀಳುವ ಜಗ್ಗಾಟವೆಲ್ಲ ಆ ಚೌಕಟ್ಟಿನ ಮೇಲೆ ಹೋಗುತ್ತದೆ, ಟ್ರ್ಯಾಕ್ಟರಿನ ಹಿಂಭಾಗದ ಮೇಲೆ ಬೀಳುವುದಿಲ್ಲ.

ತಮ್ಮ ಆ ತೋಳಿನ ಬುಡದಲ್ಲಿದ್ದ ಸೀಟಿನ ಮೇಲೆ ಹತ್ತಿ ಕೂತ. ಲಿವರುಗಳನ್ನು ಮೆಲ್ಲಗೆ ಆಚೀಚೆ ಆಡಿಸಿದ. ಅವನ ಮುಖದಲ್ಲಿ ಹೊಸ ಬಟ್ಟೆ ಹಾಕಿಕೊಂಡ ಮಗುವಿನ ಸಂತೋಷವಿತ್ತು.

"ಅಣ್ಣ, ಇದು ಕೈಗೆ ಹತ್ತುತ್ತೆ ನೋಡು."

ನಾನು ತಟ್ಟಿ ನೋಡಿದೆ. ತೆಳ್ಳಗಿನ ಸದ್ದು ಬಂತು. "ಇದೇನೋ ಮಾರಾಯ, ತೋಳೋ ಸೌಟೋ? ಹುಳಿ ಬಡ್ಸೋಕೆ ಭೇಷಾಗಿದೆ!" ಎಂದೆ.

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ತಮ್ಮನೂ ನಕ್ಕ. ನಕ್ಕು, ಸೀಟಿನಿಂದ ಇಳಿದ.

"ಯಜಮಾನ್ರೇ, ಆ ಟ್ರ್ಯಾಕ್ಟರ್‌ಗೆ ಇದೇ ಸರಿ" ಎಂದ ಅಂಗಡಿಯವನು. "ಆ ಫ್ರೇಮ್ ಇಲ್ದೆ ಮಾತ್ರ ಬೇರೆ ಏನೂ ಕಟ್ಟಿಸ್ಬೇಡಿ."

"ಫ್ರೇಮ್ ಮಾರೋಕೆ ನೀವು ಹಾಗೇ ಹೇಳ್ಬೇಕು. ನಂಗೆ ಕಬ್ಬಿಣ ಕಲಿಸ್ಬೇಡಿ ಸ್ವಾಮಿ, ನಾನು ಭದ್ರಾವತಿಯವನು."

ಅಲ್ಲಿಂದ ಅವನನ್ನು ನೇರವಾಗಿ ಭದ್ರಾವತಿಗೆ ಕರೆತಂದೆ. ಓಲ್ಡ್ ಟೌನಿನ ವೆಲ್ಡಿಂಗ್ ಶೆಡ್ಡೊಂದರಲ್ಲಿ, ದೊಡ್ಡ ಟ್ರ್ಯಾಕ್ಟರಿನಿಂದ ಬಿಚ್ಚಿ ಹಾಕಿದ್ದ ಹಳೆಯ ತೋಳು ಬಿದ್ದಿರುವುದು ನನಗೆ ಗೊತ್ತಿತ್ತು. ಅದನ್ನು ತಟ್ಟಿದರೆ ದೇವಸ್ಥಾನದ ಗಂಟೆಯಂಥ ಸದ್ದು. ಅದರ ಹಲ್ಲುಗಳು ನನ್ನ ಅಂಗೈಯಷ್ಟು ಅಗಲ. ತಮ್ಮ ಅದರ ಸುತ್ತ ಒಂದು ಸಲ ನಡೆದು, "ಭಾರ ಜಾಸ್ತಿ ಆಗಲ್ವಾ ಅಣ್ಣ?" ಎಂದ. "ಭಾರ ಇದ್ರೇ ಬಾಳಿಕೆ" ಎಂದೆ. ಅವನು ದುಡ್ಡು ಎಣಿಸಿ ಕೊಟ್ಟ.

ಹೊಟ್ಟೆಯ ಕೆಳಗಿನ ಚೌಕಟ್ಟು ಬೇಡವೆಂದೆ. ನೇಗಿಲು, ರೋಟವೇಟರ್ ಸಿಕ್ಕಿಸುವುದಕ್ಕೆ ಟ್ರ್ಯಾಕ್ಟರಿನ ಹಿಂದೆ ಮೂರು ಕೈಗಳಿರುತ್ತವಲ್ಲ, ಆ ಮೂರಕ್ಕೇ ಹೊಂದುವಂತೆ ದಪ್ಪ ತಗಡು ಕತ್ತರಿಸಿ ಕೊಂಡಿ ಮಾಡಿಸಿದೆ. ನಾನೇ ನಿಂತು ಮಾಡಿಸಿದೆ. ಒಂದೊಂದು ವೆಲ್ಡಿಂಗನ್ನೂ ಸುತ್ತಿಗೆಯಿಂದ ಬಡಿದು ನೋಡಿದೆ. ಆ ಕೊಂಡಿ ಕೊನೆಯವರೆಗೂ ಮುರಿಯಲಿಲ್ಲ. ಆದರೆ ಆ ಮೂರು ಕೈಗಳಿರುವುದು ನೇಗಿಲನ್ನು ಎತ್ತಿ ಇಳಿಸುವುದಕ್ಕೆ. ಕೆಳಗಿನಿಂದ ಏನಾದರೂ ಮೇಲಕ್ಕೆ ನೂಕಿದರೆ ಅವು ತಡೆಯುವುದಿಲ್ಲ, ಸುಮ್ಮನೆ ಮೇಲಕ್ಕೆ ಹೋಗುತ್ತವೆ. ಫಿಟ್ಟರ್ ಆದ ನನಗೆ ಅದು ಹೊಳೆಯಬೇಕಿತ್ತು. ತೋಳನ್ನು ತಟ್ಟಿದೆ, ಕೊಂಡಿಯನ್ನು ತಟ್ಟಿದೆ, ಟ್ರ್ಯಾಕ್ಟರಿನ ಕೆಳಗೆ ಮಾತ್ರ ಬಗ್ಗಲಿಲ್ಲ.

ಒಂದು ಮಳೆಗಾಲ ಕಳೆಯುವವರೆಗೆ ಎಲ್ಲ ಚೆನ್ನಾಗಿತ್ತು. ಮೆತ್ತಗಿನ ಮಣ್ಣು, ಸಣ್ಣ ಗುಂಡಿಗಳು. ಬೇಸಿಗೆಯಲ್ಲಿ ಯಾರದೋ ಹಿತ್ತಲಲ್ಲಿ ಅಗೆಯುವಾಗ ಬಕೆಟ್ಟಿನ ಹಲ್ಲು ಜಂಬಿಟ್ಟಿಗೆ ಕಲ್ಲಿಗೆ ಸಿಕ್ಕಿಕೊಂಡಿತು. ತಮ್ಮ ಲಿವರ್ ಎಳೆದ. ಕಲ್ಲು ಬರಲಿಲ್ಲ, ಅದರ ಬದಲು ಅವನು ಕೂತಿದ್ದ ಸೀಟೂ ಸೇರಿ ತೋಳಿನ ಬುಡವೇ ಮೇಲಕ್ಕೆದ್ದು ಟ್ರ್ಯಾಕ್ಟರಿನ ಕಡೆಗೆ ಮಡಚಿಕೊಂಡಿತು. ಟ್ರ್ಯಾಕ್ಟರಿನ ಚಾವಣಿಯ ಹಿಂದಿನ ಕಂಬಕ್ಕೂ ಆ ಸೀಟಿಗೂ ನಡುವೆ ಅವನು ಸಿಕ್ಕಿಕೊಂಡ. ಟ್ರ್ಯಾಕ್ಟರಿನ ಹಿಂಭಾಗದ ಎರಕದ ಪೆಟ್ಟಿಗೆ ಸೀಳಿ ಎಣ್ಣೆಯೆಲ್ಲ ಗುಂಡಿಗೆ ಹರಿದಿತ್ತು. ನಾನು ಆರಿಸಿದ ಕಬ್ಬಿಣಕ್ಕೆ ಒಂದು ಗೀರೂ ಬಿದ್ದಿರಲಿಲ್ಲ.

ನಾನು ಆಸ್ಪತ್ರೆಗೆ ಹೋದಾಗ ಅವನಿಗೆ ಎಚ್ಚರ ಬಂದಿತ್ತು. ಹೆಂಡತಿ ಮಂಚದ ಪಕ್ಕ ನಿಂತು ಅಳುತ್ತ ಕೇಳುತ್ತಿದ್ದಳು. "ಅಷ್ಟು ದೊಡ್ಡದನ್ನ ತಗೊಳ್ಳಿ ಅಂತ ಯಾರ್ ಹೇಳಿದ್ರು ನಿಮ್ಗೆ? ಅಲ್ಲಿ ಅಂಗಡೀಲಿ ಸಣ್ಣದು ಇರ್ಲಿಲ್ವಾ?"

ಅವನು ನನ್ನನ್ನು ನೋಡಿದ. ನಾನು ಅವನ ಕಾಲ ಬಳಿ ನಿಂತಿದ್ದೆ.

"ಇತ್ತು. ನಾನೇ ಅದನ್ನ ನೋಡಿ ಸೌಟು ಅಂತ ನಕ್ಕೆ" ಎಂದ. "ಅಣ್ಣ ಬೇಡ ಅಂದ. ನಾನೇ ಕೇಳ್ಲಿಲ್ಲ."

ನಾನು ಬಾಯಿ ತೆರೆಯಬೇಕಿತ್ತು. ಆ ಕ್ಷಣದಲ್ಲಿ ನನಗೆ ಆದದ್ದೇನೆಂದು ಇಲ್ಲಿ ಬರೆದುಬಿಡುತ್ತೇನೆ. ಅಳು ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ಬಿಸಿಲಿನಿಂದ ನೆರಳಿಗೆ ಬಂದಂತೆ ಹಾಯೆನಿಸಿತು. ಈ ಬರಹದಲ್ಲಿ ನಾನು ಒಪ್ಪಿಕೊಳ್ಳಬೇಕಾದ್ದು ಮುಖ್ಯವಾಗಿ ಅದನ್ನೇ. ತಪ್ಪು ಆರಿಸುವುದು ಯಾರಿಗಾದರೂ ಆಗಬಹುದು. ಆ ಹಾಯಿ ಎಲ್ಲರಿಗೂ ಆಗಲಾರದು.

ಅವನು ಎದ್ದು ಓಡಾಡಿದ, ಆದರೆ ಒಂದು ಕಾಲು ಎಳೆಯುತ್ತಿತ್ತು. ಟ್ರ್ಯಾಕ್ಟರ್ ಗುಜರಿಗೆ ಹೋಯಿತು. ಸೈಕಲ್ ಸ್ಟ್ಯಾಂಡಿನಲ್ಲಿ ಚೀಟಿ ಹರಿದುಕೊಡುವ ಕೆಲಸಕ್ಕೆ ಕೂತ. ಅವನ ಹೆಂಡತಿ ಮದುವೆ ಅಡಿಗೆಯವರ ಜೊತೆ ಬಡಿಸುವ ಕೆಲಸಕ್ಕೆ ಹೋಗತೊಡಗಿದಳು. ನಾನು ಹೋದಾಗಲೆಲ್ಲ ಮೊದಲ ಕಾಫಿ ನನಗೇ ಬರುತ್ತಿತ್ತು. ಲೋಟ ಕೊಡುತ್ತ ಅವಳು ಹೇಳುತ್ತಿದ್ದಳು: "ನಿಮ್ಮ ಮಾತು ಒಂದು ಕೇಳಿದ್ರೆ ಸಾಕಿತ್ತು ಭಾವ. ಸಣ್ಣದನ್ನ ನೋಡಿ ಸೌಟು ಅಂತ ನಕ್ರಂತಲ್ಲ, ಮಹಾರಾಜರು! ಈಗ ನೋಡಿ, ಅದೇ ಸೌಟು ಹಿಡ್ಕೊಂಡು ನಾನು ಊರೋರ ಮನೇಲಿ ಹುಳಿ ಬಡಿಸ್ತಿದ್ದೀನಿ."

ತಮ್ಮ ಗೋಡೆಗೆ ಒರಗಿ, "ಆಯ್ತು ಮಾರಾಯ್ತಿ, ನಂಗೂ ಒಂದು ಕಾಫಿ ಕೊಡು" ಎನ್ನುತ್ತಿದ್ದ. ನಾನು ಲೋಟದೊಳಗೆ ನೋಡುತ್ತಿದ್ದೆ.

ಒಂದು ದಿನ ಜಗಲಿಯಲ್ಲಿ ಇಬ್ಬರೇ ಇದ್ದಾಗ, ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ. ಅವನು ಕಾಲು ನೀವಿಕೊಳ್ಳುತ್ತ ಹೇಳಿದ. "ನಂಗೆ ಬೈದ್ರೆ ಅವಳು ಬೈದು ಊಟಕ್ಕೆ ಹಾಕ್ತಾಳೆ. ನಿಂಗೆ ಬೈದ್ರೆ ನೀನು ಈ ಮನೆಗೆ ಬರೋದೇ ಬಿಡ್ತೀಯ. ನಿನ್ನ ನಾನು ನೋಡಿಲ್ವಾ?"

ಆಮೇಲೂ ನಾನು ಅವಳಿಗೆ ನಿಜ ಹೇಳಲಿಲ್ಲ. ಹೇಳಿದರಾಯಿತು, ಮುಂದಿನ ಸಲ ಬಂದಾಗ ಹೇಳಿದರಾಯಿತು ಎಂದುಕೊಳ್ಳುತ್ತಲೇ ಇದ್ದೆ. ಅಷ್ಟರಲ್ಲಿ ಬೇರೆ ಕಾಯಿಲೆ ಬಂದು ಅವನು ಹೋದ. ಆ ದಿನವೂ ಅವಳು ಅವನ ತಲೆಯ ಹತ್ತಿರ ಕೂತು, "ಒಬ್ಬರ ಮಾತು ಕೇಳ್ಲಿಲ್ಲವಲ್ರೀ ನೀವು" ಎಂದೇ ಅಳುತ್ತಿದ್ದಳು.

ಅವರ ಮಗಳು ಈಗ ತ್ಯಾವರೆಕೊಪ್ಪದ ಕಡೆ ರಸ್ತೆ ಬದಿಯ ಜಾಗವೊಂದರಲ್ಲಿ ಹೂವಿನ, ಹಣ್ಣಿನ ಸಸಿಗಳ ನರ್ಸರಿ ಮಾಡಿದ್ದಾಳೆ. ಹೋದ ವರ್ಷ ಅವಳೂ ಒಂದು ಮಿನಿ ಟ್ರ್ಯಾಕ್ಟರ್ ತಂದಳು. ಗಿಡ ನೆಡಲು ಗುಂಡಿ, ನೀರಿಗೆ ಕಾಲುವೆ, ಎಲ್ಲದಕ್ಕೂ ಆಳು ಸಿಗುವುದಿಲ್ಲ. ಹಿಂದೆ ಅಗೆಯುವ ತೋಳು ಕಟ್ಟಿಸಬೇಕೆಂದಳು. ಅವಳ ತಾಯಿ ನನ್ನನ್ನು ಕರೆಸಿದಳು.

"ದೊಡ್ಡಪ್ಪನ್ನ ಕರ್ಕೊಂಡು ಹೋಗು" ಎಂದಳು ಮಗಳಿಗೆ, ನನ್ನ ಮುಂದೆ ಕಾಫಿ ಇಡುತ್ತ. "ಅವ್ರು ಯಾವುದು ಹೇಳ್ತಾರೋ ಅದನ್ನೇ ತಗೋ. ನಿಮ್ಮಪ್ಪನ ಬುದ್ಧಿ ಮಾಡ್ಬೇಡ."

ಕಾಫಿ ಕುಡಿಯಲು ನನ್ನಿಂದ ಆಗಲಿಲ್ಲ. ಆ ಹುಡುಗಿ ಎದುರಿಗೆ ನಿಂತಿದ್ದಳು. ಅವಳಿಗೆ ಅಪ್ಪನದೇ ಕಣ್ಣು. ಎಲ್ಲವನ್ನೂ ಹೇಳಿದೆ. ಅಂಗಡಿ, ಶೆಡ್ಡು, ಕೊಂಡಿ, ಆಸ್ಪತ್ರೆ. ಹೇಳುತ್ತಾ ಹೋದಂತೆ ಮಾತು ಚಿಕ್ಕದಾಗುತ್ತಾ ಬಂತು.

ತಮ್ಮನ ಹೆಂಡತಿ ಅಲ್ಲೇ ನೆಲಕ್ಕೆ ಕೂತಳು.

"ಸೌಟು ಅಂದಿದ್ದು?" ಎಂದಳು.

"ನಾನೇ."

"ಅವ್ರು ಏನಂದ್ರು ಆಗ?"

"ಕೈಗೆ ಹತ್ತುತ್ತೆ ಅಂದ. ಅವನಿಗೆ ಅದೇ ಬೇಕಿತ್ತು."

ಅವಳು ಬೈಯುತ್ತಾಳೆಂದು ಕಾದೆ. ನಿಜವಾಗಿ ಅದಕ್ಕಾಗಿಯೇ ಕಾದಿದ್ದೆ. ಅವಳು ಎದ್ದು, ಸೆರಗಿನಿಂದ ಗಂಡನ ಫೋಟೋದ ಗಾಜು ಒರೆಸಿದಳು. ನನ್ನ ಕಡೆ ತಿರುಗದೆ ಹೇಳಿದಳು. "ಅವ್ರು ಇದ್ದಾಗ್ಲೇ ನೀವು ಹೇಳಿದ್ದಿದ್ರೆ, ಅವ್ರ ಪಕ್ಕದಲ್ಲಿ ಕೂತ್ಕೊಂಡು ಒಂದ್ಸಲ ತಪ್ಪಾಯ್ತು ಅಂತಿದ್ದೆ ಭಾವ. ಈಗ ಯಾರ ಹತ್ರ ಅನ್ಲಿ ನಾನು?"

ನನ್ನ ತಪ್ಪನ್ನು ಇಳಿಸಿಕೊಳ್ಳಲು ಹೋಗಿ ಅವಳ ತಲೆಯ ಮೇಲೆ ಇನ್ನೊಂದನ್ನು ಇಟ್ಟು ಬಂದೆ. ಹೇಳದೆ ಇದ್ದದ್ದು ಒಂದು ಪಾಪ, ಹೇಳಲು ಇಷ್ಟು ತಡಮಾಡಿದ್ದು ಅದಕ್ಕಿಂತ ದೊಡ್ಡದು.

ತಾಯಿ ಮಗಳು ಇಬ್ಬರೇ ಅಂಗಡಿಗೆ ಹೋಗಿ ತೋಳು ತಂದರು. ಸಣ್ಣದು, ಚೌಕಟ್ಟಿನ ಸಮೇತ. ನನಗೆ ಯಾರೂ ಹೇಳಲಿಲ್ಲ. ಆದರೂ ಆ ವಾರ ಬಸ್ಸು ಹತ್ತಿ ನರ್ಸರಿಗೆ ಹೋದೆ. ಹುಡುಗಿ ಗುಂಡಿ ತೋಡುವುದನ್ನು ನಿಲ್ಲಿಸಿ, "ಬನ್ನಿ ದೊಡ್ಡಪ್ಪ" ಎಂದಳು. ನಾನು ಮೊಣಕಾಲೂರಿ ಟ್ರ್ಯಾಕ್ಟರಿನ ಕೆಳಗೆ ಬಗ್ಗಿದೆ. ಒಂದೊಂದೇ ಬೋಲ್ಟನ್ನು ಬೆರಳಿನಿಂದ ಮುಟ್ಟಿ, ಬಿಗಿಯಾಗಿದೆಯೇ ಎಂದು ನೋಡಿದೆ. ಸಸಿಗಳಿಗೆ ನೀರು ಹಾಕುತ್ತಿದ್ದ ಅವಳ ತಾಯಿ ನೋಡಿದಳು, ಮತ್ತೆ ತನ್ನ ಕೆಲಸಕ್ಕೆ ತಿರುಗಿದಳು.

ಈಗಲೂ ವಾರಕ್ಕೊಮ್ಮೆ ಹೋಗುತ್ತೇನೆ. ಕಾಫಿ ಹುಡುಗಿಯ ಕೈಯಲ್ಲಿ ಬರುತ್ತದೆ. ಅವಳ ತಾಯಿ ನನ್ನೊಡನೆ ಮಾತಾಡುವುದಿಲ್ಲ. ಬೈಗುಳವನ್ನೆಲ್ಲ ತಮ್ಮನ ಮೇಲೆಯೇ ಖರ್ಚು ಮಾಡಿಬಿಟ್ಟಿದ್ದಾಳೆ, ನನ್ನ ಪಾಲಿಗೆ ಒಂದೂ ಉಳಿದಿಲ್ಲ. ಬರಬೇಡಿ ಎಂದೂ ಹೇಳಿಲ್ಲ. ನೀನು ಈ ಮನೆಗೆ ಬರುವುದೇ ಬಿಡುತ್ತೀಯ ಎಂದು ತಮ್ಮ ಹೇಳಿದ್ದನಲ್ಲ, ಆ ಮಾತೊಂದಾದರೂ ಸುಳ್ಳಾಗಲಿ ಎಂದು ಹೋಗಿ, ಬೋಲ್ಟುಗಳನ್ನು ನೋಡಿ, ಕೈ ತೊಳೆದುಕೊಂಡು ಭದ್ರಾವತಿಯ ಬಸ್ಸು ಹಿಡಿಯುತ್ತೇನೆ.